ಶಾಲೆಯ ಋಣವೂ ಸಮಿತಿಯ ಹೊಣೆಯೂ

ಠಾಣೆಯಿಂದ ಕಲ್ಯಾಣದವರೆಗೂ, ಖಾಡಿಯ ಆಚೆ ನವಿಮುಂಬಯಿಯಲ್ಲಿಯೂ ನೆಲೆಸಿರುವ ಕನ್ನಡಿಗರು ಸಂಘ ಕಟ್ಟುವುದರಲ್ಲಿ ಯಾರಿಗೂ ಹಿಂದಾದವರಲ್ಲ. ಸಂಘ ನೆಲೆಗೊಂಡೊಡನೆ ಶಾಲೆಯೊಂದನ್ನು ತೆರೆಯಬೇಕೆಂಬುದು ನಮ್ಮ ಹಿರಿಯರ ಹಂಬಲವಾಗಿತ್ತು. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್ ಮೊದಲಾದ ಸಂಸ್ಥೆಗಳು ರಾತ್ರಿ ಶಾಲೆಗಳನ್ನು ನಡೆಸಿದವು. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥನ ಹೆಸರಿನಲ್ಲಿ ವಿದ್ಯಾಲಯವನ್ನೂ ಕಾಲೇಜನ್ನೂ ನಡೆಸಿಕೊಂಡು ಬಂದಿದೆ. ಇಂಥ ಶಾಲೆಗಳು ಸರಕಾರದ ಕೃಪೆಯಿಂದ ಹುಟ್ಟಿದವಲ್ಲ. ಸಮಾಜದ ಕಾಣಿಕೆಯಿಂದ ಹುಟ್ಟಿದವು.

ಆ ಕಾಣಿಕೆ ಕೊಟ್ಟವರ ತಲೆಮಾರು ಈಗ ಮರೆಯಾಗುತ್ತಿದೆ. ಅವರು ತೆರವು ಮಾಡಿದ ಸ್ಥಾನಗಳಲ್ಲಿ ಕುಳಿತುಕೊಳ್ಳತಕ್ಕವರು ಯಾರು? ಅದೇ ಶಾಲೆಯಲ್ಲಿ ಓದಿ ಹೊರಬಂದ ಹಳೆಯ ವಿದ್ಯಾರ್ಥಿಗಳೇ ಮುಂದೆ ಬರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಇದು ಬರಿಯ ಭಾವುಕತೆಯ ಮಾತಲ್ಲ. ಖಾಸಗಿ ಶಾಲೆಯ ಆಡಳಿತ ಮಂಡಳಿಯು ಹಾರ ಹಾಕಿಸಿಕೊಳ್ಳುವ ವೇದಿಕೆಯಲ್ಲ. ಶುಲ್ಕ, ಶಿಕ್ಷಕರ ನೇಮಕ, ಕಟ್ಟಡದ ದುರಸ್ತಿ, ಲೆಕ್ಕಪರಿಶೋಧನೆ ಇವೆಲ್ಲ ಅದರ ಹೊಣೆ. 1950ರ ಸಾರ್ವಜನಿಕ ನ್ಯಾಸಗಳ ಕಾಯದೆಯ ಪ್ರಕಾರ ಆಡಳಿತಗಾರರು ಬದಲಾದಾಗ 90 ದಿನಗಳೊಳಗೆ ಚಾರಿಟಿ ಕಮಿಷನರರ ಕಚೇರಿಗೆ ವರದಿ ಸಲ್ಲಬೇಕು. ನ್ಯಾಸದ ಕಟ್ಟಡವನ್ನು ಮಾರುವುದಕ್ಕಾಗಲಿ, ಮೂರು ವರ್ಷಕ್ಕೆ ಮೀರಿ ಗೇಣಿಗೆ ಕೊಡುವುದಕ್ಕಾಗಲಿ ಕಮಿಷನರರ ಪೂರ್ವಾನುಮತಿ ಬೇಕು. ಕಾಯದೆ ಇಷ್ಟು ಕಾವಲು ಇಟ್ಟಿದೆ. ಆದರೆ ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಸದಸ್ಯನೇ ಇಲ್ಲದಿದ್ದರೆ ಕಾಯದೆಯ ಕಾವಲು ಎಷ್ಟರ ಮಟ್ಟಿಗೆ ಫಲಿಸೀತು? ಡೊಂಬಿವಲಿ, ಠಾಣೆಗಳಲ್ಲಿ ನೆಲಕ್ಕೆ ಚಿನ್ನದ ಬೆಲೆ ಬಂದಿರುವ ಈ ದಿನಗಳಲ್ಲಿ ಶಾಲೆಯ ಅಂಗಳದ ಮೇಲೆ ಎಷ್ಟು ಕಣ್ಣುಗಳಿವೆಯೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮಗಿರುವ ಹಕ್ಕನ್ನೂ ನೆನೆಯಬೇಕು. ಸಂವಿಧಾನದ 30ನೆಯ ವಿಧಿಯು ಭಾಷಾ ಅಲ್ಪಸಂಖ್ಯಾತರಿಗೆ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನಿತ್ತಿದೆ. ಈ ಅಲ್ಪಸಂಖ್ಯಾತತ್ವವನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡೇ ನಿರ್ಣಯಿಸಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟು ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹೇಳಿತು. ಆ ಮೊಕದ್ದಮೆಯ ಹೆಸರು ಮಣಿಪಾಲದ್ದು. ಅದರ ಫಲ ಮಹಾರಾಷ್ಟ್ರದ ಕನ್ನಡಿಗನಿಗೂ ದೊರೆತಿದೆ. ಆದರೆ ಸ್ಥಾಪಿಸುವವರು ಒಂದು ತಲೆಮಾರಿನವರಾದರೆ ನಡೆಸುವವರು ಮುಂದಿನ ತಲೆಮಾರಿನವರು. ನಡೆಸುವವರಿಲ್ಲದ ಹಕ್ಕು ಕಾಗದದ ಮೇಲಿನ ಹಕ್ಕಾಗಿಯೇ ಉಳಿದೀತು.

ಹಳೆಯ ವಿದ್ಯಾರ್ಥಿಯಲ್ಲಿರುವ ವಿಶೇಷವೇನು? ಶಾಲೆ ಯಾರಿಗಾಗಿ ಹುಟ್ಟಿತೆಂಬುದನ್ನು ಅವನು ಅನುಭವದಿಂದ ಬಲ್ಲನು. ಹಗಲೆಲ್ಲ ಮೇಜು ಒರೆಸಿ ರಾತ್ರಿ ಪುಸ್ತಕ ಹಿಡಿದವನಿಗೆ, ಶುಲ್ಕವನ್ನು ಸ್ವಲ್ಪವೇ ಹೆಚ್ಚಿಸಿದರೂ ಯಾವ ಮನೆಯ ಹುಡುಗಿ ಶಾಲೆ ಬಿಡುವಳೆಂಬುದು ತಿಳಿದಿರುತ್ತದೆ. ಕಾಲ ಬದಲಾದಾಗ ಶಾಲೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಕವೂ ಅಂಥವನಿಗೆ ಸಾಧ್ಯ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು ಸರಕಾರವು ನಿಷೇಧಿಸಿತು. ಇದು ಸಂತೋಷಪಡತಕ್ಕ ವಿಷಯ. ಹಾಗೆಂದು ರಾತ್ರಿ ಶಾಲೆಯ ಕೆಲಸ ಮುಗಿಯಿತೆನ್ನಲಾದೀತೆ? ಓದು ಅರ್ಧಕ್ಕೆ ನಿಂತ ವಯಸ್ಕ ಕಾರ್ಮಿಕರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರ ಪರವಾಗಿ ಸಮಿತಿಯಲ್ಲಿ ಮಾತನಾಡುವವರು ಬೇಕು.

ವಿದ್ಯೆ ಪಡೆದವರೇ ವಿದ್ಯಾಸಂಸ್ಥೆಯ ಹೊರೆ ಹೊರುವುದು ನಮ್ಮ ನಾಡಿಗೆ ಹೊಸದಲ್ಲ. ಬೆಳಗಾವಿಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, 1916ರಲ್ಲಿ, ಏಳು ಮಂದಿ ತರುಣರು ಅಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಓದಿನ ಫಲವನ್ನು ತಾವೊಬ್ಬರೇ ಉಣ್ಣದೆ ಹಂಚಿದುದೇ ಅವರ ಹಿರಿಮೆ.

“ನಮಗೆ ಪುರುಸೊತ್ತೆಲ್ಲಿ?” ಎಂದು ವಾಚಕರು ಕೇಳಬಹುದು. ಬೆಳಗಿನ ಲೋಕಲಿನಲ್ಲಿ ಜೋತು ಹೋಗಿ ರಾತ್ರಿ ಹಿಂದಿರುಗುವ ಗುಮಾಸ್ತನ ಕಷ್ಟವನ್ನೂ, ವಾರದ ರಜೆಯೂ ನಿಶ್ಚಯವಿಲ್ಲದ ಹೋಟೆಲು ಕಾರ್ಮಿಕನ ಕಷ್ಟವನ್ನೂ ನಾವು ಅರಿಯದವರಲ್ಲ. ಆದರೆ ಸಮಿತಿಗೆ ಬೇಕಾದುದು ಧನಿಕರ ಚೆಕ್ಕು ಮಾತ್ರವಲ್ಲ. ರಸೀದಿಗೂ ಜಮಾಖರ್ಚಿಗೂ ತಾಳೆ ನೋಡುವ ಕಣ್ಣು ಗುಮಾಸ್ತನಿಗಿದೆ. ಯಾವ ಸಾಮಾನು ಯಾವ ಬೆಲೆಗೆ ಬಂದಿತು, ಎಲ್ಲಿ ಸೋರಿತು ಎಂಬುದನ್ನು ಗಲ್ಲೆಯ ಮೇಲೆ ಕುಳಿತವನು ಕ್ಷಣದಲ್ಲಿ ಹೇಳಬಲ್ಲನು. ಇವು ಯಾವ ದೇಣಿಗೆಗೂ ಕಡಮೆಯಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. “ನಮ್ಮ ಕಾಲದಲ್ಲಿ ಹೀಗಿರಲಿಲ್ಲ” ಎಂಬ ಹಾಡನ್ನೇ ಹಾಡುವ ಹಳೆಯ ವಿದ್ಯಾರ್ಥಿಯಿಂದ ಶಾಲೆಗೆ ಉಪಕಾರವಿಲ್ಲ. ತನ್ನ ನೆಂಟನಿಗೆ ನೌಕರಿ, ತನ್ನ ಊರಿನವನಿಗೆ ಗುತ್ತಿಗೆ ಎಂದು ಬರುವವನಿಂದ ಕೇಡೇ ಉಂಟು. ಪಾಠ ಹೇಳುವುದು ಶಿಕ್ಷಕರ ಕೆಲಸ. ಅವರ ಸಂಬಳ ವೇಳೆಗೆ ಸರಿಯಾಗಿ ಸಲ್ಲುವಂತೆ ನೋಡುವುದು ಸಮಿತಿಯ ಕೆಲಸ. ಈ ಗೆರೆಯನ್ನು ದಾಟದವನೇ ನಿಜವಾದ ಸೇವಕ.

ಆದುದರಿಂದ ಕನ್ನಡಿಗರ ಪ್ರತಿಯೊಂದು ವಿದ್ಯಾಸಂಸ್ಥೆಯೂ ತನ್ನ ಆಡಳಿತ ಮಂಡಳಿಯಲ್ಲಿ ಕನಿಷ್ಠ ಎರಡು ಸ್ಥಾನಗಳನ್ನು ಹಳೆಯ ವಿದ್ಯಾರ್ಥಿಗಳಿಗೆ ಮೀಸಲಿಡಲಿ. ಅವುಗಳಲ್ಲಿ ಒಂದು ದುಡಿಯುತ್ತ ಓದಿದವರಿಗೆ ಸಲ್ಲಲಿ. ಹಿರಿಯರು ಕುರ್ಚಿಯನ್ನು ಸಂತೋಷದಿಂದ ಬಿಟ್ಟುಕೊಡಲಿ. ವಾಚಕರು ತಮ್ಮ ಶಾಲೆಯ ಮುಂದಿನ ಮಹಾಸಭೆ ಎಂದು ನಡೆಯುವುದೆಂದು ಈ ವಾರವೇ ವಿಚಾರಿಸಲಿ, ಸದಸ್ಯತ್ವದ ಅರ್ಜಿಯನ್ನು ತುಂಬಲಿ. ಶಾಲೆಯು ನಮಗೆ ಅಕ್ಷರ ಕೊಟ್ಟಿತು. ಆ ಅಕ್ಷರದಿಂದ ಅದರ ಲೆಕ್ಕದ ಪುಸ್ತಕವನ್ನು ಓದಿ ನೋಡುವುದು ಋಣ ತೀರಿಸುವ ಮೊದಲ ಹೆಜ್ಜೆ.