ಎಳೆದ ಮೇಲೆ ಕೈ ಬಿಡಬೇಕು

ಹಲಗಲಿ ನಮ್ಮ ಹುನ್ನೂರಿಗೆ ದೂರದ ಊರೇನಲ್ಲ. 1857ರಲ್ಲಿ ಹತಾರ ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಒಪ್ಪದೆ ಎದುರು ನಿಂತ ಬೇಡರ ಕಥೆ ಈ ಭಾಗದ ಮಕ್ಕಳಿಗೆಲ್ಲ ಗೊತ್ತು. ಒಮ್ಮೆ ತರಗತಿಯಲ್ಲಿ ಆ ಮಾತು ಬಂತು. ಆ ಕಾಲದ ಸಾಮಾನ್ಯ ಬಂದೂಕಿಗೆ ಪ್ರತಿ ಸಲವೂ ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಸರಳಿನಿಂದ ಜಡಿಯಬೇಕಾಗಿತ್ತು ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಸರ್, ಸಿನಿಮಾದಾಗ ಪಿಸ್ತೂಲಿನ ಮ್ಯಾಲಿನ ಭಾಗ ಹಿಂದಕ್ಕ ಎಳದು ಬಿಡ್ತಾರಲ್ರಿ, ಅದ್ಯಾಕ?"

ಪ್ರಶ್ನೆ ಚೆನ್ನಾಗಿದೆ. ಉತ್ತರ ಇರುವುದು ಒಂದು ಸ್ಪ್ರಿಂಗಿನಲ್ಲಿ.

ನಮ್ಮ ಸೇನೆ ಮತ್ತು ಪೊಲೀಸರು ದಶಕಗಳ ಕಾಲ ಬಳಸಿದ 9 ಮಿ.ಮೀ. ಪಿಸ್ತೂಲನ್ನೇ ತೆಗೆದುಕೊಳ್ಳೋಣ. ಅದು ಬೆಲ್ಜಿಯಂನಲ್ಲಿ 1935ರಲ್ಲಿ ಹೊರಬಂದ ಬ್ರೌನಿಂಗ್ ಪಿಸ್ತೂಲಿನ ನಮೂನೆ. ಪಶ್ಚಿಮ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಹಿಡಿಕೆಯೊಳಗಿನ ಮ್ಯಾಗಝಿನ್‌ನಲ್ಲಿ 13 ಕಾಡತೂಸುಗಳು ಕೂಡುತ್ತವೆ. ಮೇಲ್ಭಾಗದ ಜಾರುವ ಉಕ್ಕಿನ ಕವಚಕ್ಕೆ ಸ್ಲೈಡ್ ಎನ್ನುತ್ತಾರೆ. ನಳಿಕೆಯ ಕೆಳಗೆ ಗಟ್ಟಿ ಸ್ಪ್ರಿಂಗ್ ಇದೆ.

ಗುಂಡು ಹಾರಿದಾಗ ಅದರ ಹಿನ್ನೊದೆತಕ್ಕೆ ಸ್ಲೈಡ್ ಹಿಂದೆ ಸರಿದು ಖಾಲಿ ಕೋಶವನ್ನು ಹೊರಗೆಸೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಹೀಗೆ ಸರಿಯುವಾಗ ಅದುಮಿಕೊಂಡ ಸ್ಪ್ರಿಂಗ್, ಸ್ಲೈಡನ್ನು ಮುಂದೆ ತಳ್ಳುತ್ತದೆ. ಸ್ಲೈಡ್ ಮುಂದೆ ಹೋಗುತ್ತ ಮ್ಯಾಗಝಿನ್ನಿನ ಮೇಲಿನ ಕಾಡತೂಸನ್ನು ನಳಿಕೆಯ ಹಿಂತುದಿಯ ಚೇಂಬರಿಗೆ ನೂಕುತ್ತದೆ. ಕೊನೆಯ ಗುಂಡು ಮುಗಿದಾಗ ಒಂದು ಚಿಕ್ಕ ಸನ್ನೆ ಮೇಲೆದ್ದು ಸ್ಲೈಡನ್ನು ಹಿಂದೆಯೇ ತಡೆದು ನಿಲ್ಲಿಸುತ್ತದೆ.

ತುಂಬಿದ ಮ್ಯಾಗಝಿನ್ ಹಾಕಿದ ಮೇಲೆ ಸ್ಲೈಡನ್ನು ಬಿಡಿಸಲು ಎರಡು ದಾರಿ. ಒಂದು, ಹೆಬ್ಬೆರಳಿನಿಂದ ಆ ಸನ್ನೆಯನ್ನು ಒತ್ತುವುದು. ಇನ್ನೊಂದು, ಮತ್ತೊಂದು ಕೈಯಿಂದ ಸ್ಲೈಡಿನ ಹಿಂಭಾಗ ಹಿಡಿದು ಸ್ವಲ್ಪ ಎಳೆದು ತಟ್ಟನೆ ಬಿಡುವುದು. ಮೊದಲನೆಯದು ಬೇಗ ಆಗುತ್ತದೆ. ಆದರೆ ಸನ್ನೆ ಚಿಕ್ಕದು, ಬೆವರಿದ ಬೆರಳು ಜಾರಬಹುದು. ಸಾಮಾನ್ಯವಾಗಿ ಎಡಮಗ್ಗುಲಿಗೆ ಇರುವುದರಿಂದ ಎಡಚರಿಗೆ ತೊಡಕು. ವಾಲ್ಥರ್ ಪಿಪಿಕೆಯಂಥ ಪಿಸ್ತೂಲಿಗೆ ಹೊರಗಡೆ ಅಂಥ ಸನ್ನೆಯೇ ಇಲ್ಲ, ಎಳೆದೇ ಬಿಡಬೇಕು.

ಎಳೆಯುವುದರಿಂದ ಸಿಗುವ ಲಾಭವನ್ನು ಲೆಕ್ಕ ಹಾಕೋಣ. ಸ್ಪ್ರಿಂಗಿನಲ್ಲಿ ಕೂಡುವ ಶಕ್ತಿ, ಅದುಮಿದ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸ್ಲೈಡ್ ನಿಂತಾಗ ಸ್ಪ್ರಿಂಗ್ 50 ಮಿ.ಮೀ. ಅದುಮಿದೆ ಎಂದುಕೊಳ್ಳಿ. ಇನ್ನೂ 3 ಮಿ.ಮೀ. ಎಳೆದರೆ 53. ಐವತ್ತರ ವರ್ಗ 2500, ಐವತ್ಮೂರರ ವರ್ಗ 2809. ಅಂದರೆ ಶಕ್ತಿ ಶೇ. 12ರಷ್ಟು ಹೆಚ್ಚಾಯಿತು. ಇದನ್ನು ಪರೀಕ್ಷಿಸಲು ಬಾಲ್ ಪೆನ್ನಿನ ಸ್ಪ್ರಿಂಗ್ ಸಾಕು. ಮುಖ ದೂರ ಇಟ್ಟುಕೊಂಡು ಮೇಜಿನ ಮೇಲೆ ಪೂರ್ತಿ ಅದುಮಿ ಬಿಡಿ, ಆಮೇಲೆ ಅರ್ಧ ಅದುಮಿ ಬಿಡಿ. ಎರಡನೆಯ ಸಲ ಜಿಗಿಯುವ ಎತ್ತರ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ.

ಹೊಸದಾಗಿ ಕಲಿಯುವವರ ದೊಡ್ಡ ತಪ್ಪೆಂದರೆ ಸ್ಲೈಡಿನ ಜೊತೆಗೇ ಕೈಯನ್ನೂ ಮುಂದೆ ಒಯ್ಯುವುದು. ಆಗ ಶಕ್ತಿ ಕೈಗೆ ಸೋರಿಹೋಗಿ, ಸ್ಲೈಡ್ ಪೂರ್ತಿ ಮುಚ್ಚದೆ ನಡುವೆಯೇ ನಿಲ್ಲಬಹುದು. ಸ್ಪ್ರಿಂಗ್ ಇರುವ ಬಾಗಿಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿ ನೋಡಿ, ಚಿಲಕ ಕಚ್ಚುವುದಿಲ್ಲ. ಬಿಟ್ಟರೆ ತಾನೇ ಹೋಗಿ ಕಚ್ಚುತ್ತದೆ. ಎಳೆಯುವುದು ಕೈಯ ಕೆಲಸ, ಮುಚ್ಚುವುದು ಸ್ಪ್ರಿಂಗಿನ ಕೆಲಸ.

ಇಷ್ಟು ಹೇಳಿದ ಮೇಲೆ ಪಾಲಕರಿಗೂ ಒಂದು ಮಾತು ಹೇಳಲೇಬೇಕು. ಸ್ಲೈಡ್ ಮುಂದೆ ಹೋದ ಆ ಕ್ಷಣದಲ್ಲಿ ಚೇಂಬರಿನಲ್ಲಿ ಜೀವಂತ ಗುಂಡು ಕೂತಿರುತ್ತದೆ. ಆಮೇಲೆ ಮ್ಯಾಗಝಿನ್ ಕಳಚಿದರೂ ಆ ಒಂದು ಗುಂಡು ಅಲ್ಲೇ ಉಳಿಯುತ್ತದೆ. ಎಷ್ಟೋ ಪಿಸ್ತೂಲುಗಳು ಮ್ಯಾಗಝಿನ್ ಇಲ್ಲದೆಯೂ ಹಾರುತ್ತವೆ. 'ಖಾಲಿ ಇದೆ' ಎಂಬ ನಂಬಿಕೆಯಿಂದಲೇ ಜೀವಗಳು ಹೋಗಿವೆ. ಮನೆಯಲ್ಲಿ ಪರವಾನಗಿಯ ಹತಾರ ಇದ್ದವರು ಅದನ್ನು ಬೀಗದೊಳಗೆ ಇಡಿ, ಕಾಡತೂಸುಗಳನ್ನು ಬೇರೆ ಕಡೆ ಇಡಿ, ಕೀಲಿಕೈ ನಿಮ್ಮ ಹತ್ತಿರವೇ ಇರಲಿ.

ಅವತ್ತು ಆ ಹುಡುಗ ಕೊನೆಗೆ ಕೇಳಿದ್ದೂ ಅದನ್ನೇ. "ಹಂಗಾದ್ರ ಖಾಲಿ ಐತಿ ಅಂತ ಹೆಂಗ ತಿಳೀತದ್ರಿ ಸರ್?"

"ತರಬೇತಿ ಆದವರು ಮ್ಯಾಗಝಿನ್ ತೆಗೆದು, ಸ್ಲೈಡ್ ಹಿಂದೆಳೆದು, ಚೇಂಬರನ್ನು ಕಣ್ಣಾರೆ ನೋಡಿ ಹೇಳ್ತಾರಪ್ಪ. ನಿನ್ನ ಕಣ್ಣಿಗೆ ಬಿದ್ದರೆ ಮುಟ್ಟಬ್ಯಾಡ. ದೂರ ನಿಂತು ದೊಡ್ಡವರನ್ನ ಕರಿ."