ಶಬ್ದವಿಚಾರ: ‘ಡೆಫಿಕೇಟ್’

ಮಲವಿಸರ್ಜನೆ ಮಾಡು ಎಂಬರ್ಥದ ‘ಡೆಫಿಕೇಟ್’ ಎಂಬ ಆಂಗ್ಲ ಕ್ರಿಯಾಪದದ ಮೂಲವು ಶುದ್ಧವಾದುದು. ಲ್ಯಾಟಿನ್ನಿನಲ್ಲಿ ‘ಫೇಕ್ಸ್’ ಎಂದರೆ ದ್ರಾಕ್ಷಾಮದ್ಯದ ತಳದಲ್ಲಿ ನಿಲ್ಲುವ ಗಸಿ. ‘ಡೇ’ ಎಂಬುದು ನಿವಾರಣಾರ್ಥಕ ಉಪಸರ್ಗ. ಗಸಿಯನ್ನು ಕಳೆದು ತಿಳಿಯಾಗಿಸುವುದೇ ಮೂಲಾರ್ಥ. 16ನೆಯ ಶತಮಾನದ ಆಂಗ್ಲರೂ ಹಾಗೆಯೇ ಬಳಸಿದರು. ದೇಹಸಂಬಂಧವಾದ ಅರ್ಥವು ರೂಢವಾದುದು 19ನೆಯ ಶತಮಾನದಲ್ಲಿ. ಕಬ್ಬಿನ ಹಾಲಿಗೆ ಸುಣ್ಣವಿಕ್ಕಿ ಕಾಯಿಸಿ ತಿಳಿಗೊಳಿಸುವುದಕ್ಕೆ ಸಕ್ಕರೆಯ ಕಾರ್ಖಾನೆಗಳಲ್ಲಿ ‘ಡೆಫಿಕೇಷನ್’ ಎಂಬ ಹೆಸರುಂಟು.

ನಮ್ಮ ‘ಶೌಚ’ವೂ ಇದೇ ದಾರಿ ಹಿಡಿದಿದೆಯಲ್ಲವೆ? ‘ಶುಚಿ’ಯಿಂದ ಹುಟ್ಟಿದ ಈ ಶಬ್ದಕ್ಕೆ ಶುದ್ಧಿಯೆಂದೇ ಅರ್ಥ, ‘ಶೌಚಕ್ಕೆ ಹೋಗುವುದು’ ಎಂಬುದು ಬಳಿಕ ಬಂದ ರೂಢಿ. ಮಲದಲ್ಲಿ ರಕ್ತ ಕಂಡರೂ ನಾಚಿ ವೈದ್ಯರಿಗೆ ತಿಳಿಸದ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಶುದ್ಧಿಯ ಮಾತನ್ನಾಡಲು ನಾಚಿಕೆಯೇಕೆ? ಮುಚ್ಚಿಟ್ಟರೆ ಬೆಳೆಯುವುದು ರೋಗವೇ.