ಕೊನೆಯ ನಲ್ಲಿಯ ನೀರನ್ನು ಪರೀಕ್ಷಿಸಿ: ಕೊಳಗೇರಿ ತಾಯಂದಿರ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು.

ವಿಷಯ: ಕೊಳಗೇರಿ ಮಕ್ಕಳಿಗೆ ಸುರಕ್ಷಿತ ಕುಡಿಯುವ ನೀರು ಒದಗಿಸಲು ಸ್ಥಳೀಯ ಸಂಸ್ಥೆಗೆ ನಿರ್ದೇಶನ ನೀಡುವ ಬಗ್ಗೆ.

ಮಾನ್ಯರೇ,

ಮಳೆಗಾಲ ಶುರುವಾದರೆ ನಮ್ಮ ಬೀದಿಯ ಮಕ್ಕಳಿಗೆ ವಾಂತಿಭೇದಿ ಹಿಡಿಯುತ್ತದೆ. ಆಗ ಅಧಿಕಾರಿಗಳು ಕರಪತ್ರ ಹಂಚುತ್ತಾರೆ: ಕೈ ತೊಳೆಯಿರಿ, ನೀರು ಕುದಿಸಿ ಕುಡಿಯಿರಿ. ಮಾತು ಸರಿಯೇ. ಆದರೆ ಮೂರ್ನಾಲ್ಕು ದಿನಕ್ಕೊಮ್ಮೆ ಬರುವ ನೀರಿನಲ್ಲಿ ಕೈ ತೊಳೆಯಲು ಎಷ್ಟು ಮಿಗುತ್ತದೆ, ಇರುವ ಗ್ಯಾಸು ಅನ್ನಕ್ಕೋ ನೀರು ಕಾಯಿಸಲಿಕ್ಕೋ ಎಂದು ಯಾರೂ ನಮ್ಮನ್ನು ಕೇಳಿಲ್ಲ.

ನೀರು ಕೆಡುವುದು ದಾರಿಯಲ್ಲಿ. ನಮ್ಮ ಪೈಪುಗಳು ಚರಂಡಿಯೊಳಗೇ ಹಾದು ಬಂದಿವೆ. ನೀರು ಬಿಟ್ಟಾಗ ಒಡಕುಗಳಲ್ಲಿ ಹೊರಕ್ಕೆ ಸೋರುತ್ತದೆ. ವಾಲ್ವ್ ಬಂದ್ ಮಾಡಿದ ಮೇಲೆ ಒತ್ತಡ ಇಳಿದು, ಅದೇ ಒಡಕುಗಳಿಂದ ಚರಂಡಿ ನೀರು ಪೈಪಿನೊಳಗೆ ಸೇರುತ್ತದೆ. ಮುಂದಿನ ಸರದಿಯಲ್ಲಿ ನಲ್ಲಿಗೆ ಮೊದಲು ಬರುವುದು ಅದೇ. ಚೆಲ್ಲೋಣವೆಂದರೆ ಹಿಂದೆ ನಿಂತವರ ಕೊಡ ತುಂಬುವುದಿಲ್ಲ. ಹಿಡಿದ ನೀರು ಡ್ರಮ್ಮಿನಲ್ಲಿ ದಿನಗಟ್ಟಲೆ ನಿಂತು, ಚೊಂಬು ಅದ್ದಿದಾಗಲೆಲ್ಲ ಕೈ ತಾಗಿ, ಇನ್ನಷ್ಟು ಕೆಡುತ್ತದೆ. ಮುಚ್ಚಳ ಸರಿದರೆ ಡೆಂಗಿ ಸೊಳ್ಳೆಗೆ ಅದೇ ಮನೆ. ದಿನವೂ ನೀರು ಬರುವ ಬಡಾವಣೆಗಳಲ್ಲಿ ಡ್ರಮ್ಮು ಯಾರಿಗೆ ಬೇಕು?

ದೂರು ಕೊಟ್ಟರೆ 'ನೀರಿನ ಪರೀಕ್ಷಾ ವರದಿ ಸರಿಯಾಗಿದೆ' ಎನ್ನುತ್ತಾರೆ. ಮಾದರಿ ತೆಗೆದದ್ದು ಓವರ್‌ಹೆಡ್ ಟ್ಯಾಂಕಿನಿಂದ! ಐಎಸ್ 10500 ಮಾನದಂಡದ ಪ್ರಕಾರ 100 ಮಿ.ಲೀ. ಕುಡಿಯುವ ನೀರಿನಲ್ಲಿ ಇ-ಕೊಲೈ ಇರಲೇಕೂಡದು. ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು, ಅದನ್ನು ನೋಡಬೇಕಾದದ್ದು ಬಳಕೆದಾರರ ನಲ್ಲಿಯಲ್ಲಿ. ಮತ್ತೆ ಮತ್ತೆ ಭೇದಿಯಾಗುವ ಮಗುವಿಗೆ ಅಂಗನವಾಡಿಯ ಹಾಲು, ಮೊಟ್ಟೆ ಮೈಗೆ ಹತ್ತುವುದಿಲ್ಲ. ಸರ್ಕಾರ ಒಂದು ಕೈಯಿಂದ ಕೊಟ್ಟಿದ್ದನ್ನು ಈ ಪೈಪು ಕಸಿಯುತ್ತಿದೆ.

ಆದ್ದರಿಂದ, ಪ್ರತಿ ತಿಂಗಳು ಬೀದಿಯ ಕೊನೆಯ ನಲ್ಲಿಯ ನೀರನ್ನು ನಿವಾಸಿಗಳ ಎದುರಿನಲ್ಲೇ ಪರೀಕ್ಷಿಸಿ, ಫಲಿತಾಂಶವನ್ನು ಅಂಗನವಾಡಿ ಗೋಡೆಗೆ ಅಂಟಿಸಬೇಕು. ಮಳೆಗಾಲಕ್ಕೆ ಮುಂಚೆ ಪೈಪುಗಳನ್ನು ಚರಂಡಿಯಿಂದ ಹೊರಗೆ ತರಬೇಕು. ಸ್ವಲ್ಪ ಹೊತ್ತಾದರೂ ಸರಿ, ದಿನವೂ ನೀರು ಬಿಡಬೇಕು. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆಯಾಗಿಲ್ಲ, ಹಕ್ಕುಪತ್ರವಿಲ್ಲ ಎಂಬ ನೆಪದಲ್ಲಿ ಯಾವ ಮನೆಗೂ ನಲ್ಲಿ ತಪ್ಪಿಸಬಾರದು. ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಮತ್ತು 14 ದಿನ ಕೊಡಬೇಕಾದ ಜಿಂಕ್ ಮಾತ್ರೆ ಸದಾ ಇರಬೇಕು. ಒಂದೇ ಬೀದಿಯಲ್ಲಿ ಇಬ್ಬರು ಮಕ್ಕಳಿಗೆ ಭೇದಿಯಾದರೆ ಅಂದೇ ನೀರು ಸರಬರಾಜು ವಿಭಾಗಕ್ಕೆ ಸುದ್ದಿ ಮುಟ್ಟಬೇಕು.

ಶುದ್ಧ ನೀರು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. 2005ರ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕಾಯ್ದೆಯ 13 ಮತ್ತು 14ನೇ ಕಲಮುಗಳು ತಮಗೆ ವಿಚಾರಣೆಯ ಅಧಿಕಾರ ಕೊಟ್ಟಿವೆ. ಅದನ್ನು ಬಳಸಿ, ನೀರು ಬಿಡುವ ದಿನವೇ ಸದಸ್ಯರೊಬ್ಬರು ಸ್ಥಳಕ್ಕೆ ಬರಬೇಕೆಂದು ಕೋರುತ್ತೇವೆ. ದಯವಿಟ್ಟು ಮುಂಚಿತವಾಗಿ ತಿಳಿಸಿ ಬರಬೇಡಿ. ತಿಳಿದರೆ ಅಂದು ಟ್ಯಾಂಕರ್ ಬಂದು ನಿಂತಿರುತ್ತದೆ.

ತಮ್ಮ ವಿಶ್ವಾಸಿಗಳು,
ಕೊಳಗೇರಿ ನಿವಾಸಿ ತಾಯಂದಿರು

ಲಗತ್ತು: ನಿವಾಸಿಗಳ ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಪಟ್ಟಿ